780 ಕಂಡು ನೀವು ಹೆದರಿದಿರಿ, ನನ್ನ ಚಿಂತೆ 610ರದ್ದು

ಓದುಗರ ಪ್ರಶ್ನೆ: ನಾವಿರುವುದು ಮೈಸೂರಿನ ಬೋಗಾದಿಯಿಂದಾಚೆ ಒಂದು ಬಡಾವಣೆಯಲ್ಲಿ. ಎರಡು ದಿನಕ್ಕೊಮ್ಮೆ ನದಿ ನೀರು ಬಿಡುತ್ತಾರೆ, ಮಿಕ್ಕಂತೆ ಬಡಾವಣೆಯ ಬೋರ್‌ವೆಲ್ ನೀರು. ಹೋದ ತಿಂಗಳು ನೀರಿನ ಫಿಲ್ಟರ್ ಮಾರುವ ಹುಡುಗನೊಬ್ಬ ಬಂದಿದ್ದ. ಪೆನ್ನಿನಂಥ ಮೀಟರ್ ಅದ್ದಿ ತೋರಿಸಿದ. ನದಿ ನೀರಿಗೆ 140, ಬೋರ್ ನೀರಿಗೆ 780, ಅವನ ಯಂತ್ರದ ನೀರಿಗೆ 28 ಬಂತು. ಆಮೇಲೆ ಲೋಟಗಳಿಗೆ ಕಂಬಿ ಇಳಿಸಿ ಕರೆಂಟು ಕೊಟ್ಟ. ನಮ್ಮ ನೀರು ನೋಡನೋಡುತ್ತ ಚರಂಡಿ ನೀರಿನಂತಾಯಿತು, ಅವನದು ಹಾಗೇ ತಿಳಿಯಾಗಿತ್ತು. "ಮೇಡಂ, ನೀವು ದಿನಾ ಕುಡೀತಿರೋದು ಇದನ್ನೇ" ಅಂದ. ಯಂತ್ರಕ್ಕೆ ಹದಿನೆಂಟು ಸಾವಿರ. ನಮ್ಮವರಿಗೆ ಹೋದ ವರ್ಷ ಕಿಡ್ನಿಯಲ್ಲಿ ಕಲ್ಲಾಗಿತ್ತು, ಅದಕ್ಕೇ ಭಯ. ನಾನೂ ಒಂದು ಮೀಟರ್ ತರಿಸಿ, ನಾಗಮಂಗಲದ ಹತ್ತಿರದ ನಮ್ಮ ಊರಿಗೆ ಹೋದಾಗ ಅಲ್ಲಿನ ಬೋರ್ ನೀರು ನೋಡಿದೆ. 610 ಬಂತು. ಆದರೆ ಆ ನೀರು ಸಿಹಿಯಾಗಿದೆ, ಬೇಳೆ ಬೇಗ ಬೇಯುತ್ತದೆ. ಅತ್ತೆಗೆ ಅರವತ್ತೆರಡು ವರ್ಷ, ಮಂಡಿ ಮತ್ತು ಸೊಂಟ ನೋವು. ಊರಲ್ಲಿ ಶುದ್ಧ ನೀರಿನ ಘಟಕವಿದೆ, ಮಾವ ಮಾತ್ರ "ಆ ಸಪ್ಪೆ ನೀರು ಕುಡಿದರೆ ಮೂಳೆ ಸವೆಯುತ್ತೆ" ಎಂದು ಮುಟ್ಟುವುದಿಲ್ಲ. ಇಲ್ಲಿ ನದಿ ನೀರಿಗೆ ಬ್ಲೀಚಿಂಗ್ ವಾಸನೆ. ಯಂತ್ರ ಕೊಳ್ಳಬೇಕೇ, ಬೇಡವೇ?

ಉತ್ತರ: ನಿಮ್ಮ ಮನೆಗೆ ಬಂದ ಹುಡುಗ ನಮ್ಮ ಮನೆಗೂ ಬಂದಿದ್ದ. ಅವನೇ ಅಲ್ಲದಿರಬಹುದು, ಆದರೆ ಅದೇ ಪೆಟ್ಟಿಗೆ, ಅದೇ ಕಂಬಿಗಳು, ಅದೇ ಮಾತು. ಮೂವತ್ತು ವರ್ಷ ನೀರು ಪರೀಕ್ಷೆ ಮಾಡಿಯೇ ಅನ್ನ ತಿಂದವನು ನಾನು. ಅದನ್ನು ಹೇಳದೆ ಸುಮ್ಮನೆ ಕೂತು ಆಟ ನೋಡಿದೆ. ನಮ್ಮ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿದ ಮೇಲೆ, ಅವನ ಶುದ್ಧ ನೀರಿನ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ "ಈಗ ಮತ್ತೆ ಕರೆಂಟು ಕೊಡಪ್ಪ" ಅಂದೆ. ಅದು ನಮ್ಮ ನೀರಿಗಿಂತ ಕೊಳಕಾಯಿತು. ಹುಡುಗ ಪೆಚ್ಚಾದ. ಪಾಪ, ಅವನು ಮೋಸಗಾರನೇನಲ್ಲ, ಯಾರೋ ಹೇಳಿಕೊಟ್ಟದ್ದನ್ನು ನಂಬಿ ಮಾಡುತ್ತಿದ್ದ. ಕಾಫಿ ಕುಡಿದು ಹೋದ.

ಆ ಆಟದ ಗುಟ್ಟು ಇಷ್ಟೆ. ಕಂಬಿ ಕಬ್ಬಿಣದ್ದು. ಕರೆಂಟು ಹರಿದಾಗ ಕಂಬಿಯೇ ಕರಗಿ ತುಕ್ಕಾಗಿ ನೀರಿಗಿಳಿಯುತ್ತದೆ, ಆ ಕಂದು ಬಣ್ಣ ತುಕ್ಕಿನದು. ಅಲ್ಯೂಮಿನಿಯಂ ಕಂಬಿಯಾದರೆ ಬೂದು ಬಿಳಿಯ ಹಿಂಜು ಏಳುತ್ತದೆ. ನೀರಿನಲ್ಲಿ ಕರಗಿದ ಲವಣ ಇದ್ದರೆ ಕರೆಂಟು ಹರಿಯುತ್ತದೆ. ಯಂತ್ರದ ನೀರಿನಲ್ಲಿ ಲವಣ ಕಡಿಮೆ, ಕರೆಂಟು ಹರಿಯುವುದಿಲ್ಲ, ಕಂಬಿ ಕರಗುವುದಿಲ್ಲ. ನಿಮ್ಮ ಕಣ್ಣಿಗೆ ಬಿದ್ದ ಕೊಳೆ ನಿಮ್ಮ ನೀರಿನಲ್ಲಿ ಇದ್ದದ್ದಲ್ಲ, ಅವನ ಪೆಟ್ಟಿಗೆಯಿಂದ ಬಂದದ್ದು.

ಇನ್ನು ಆ ಪೆನ್ನಿನ ಮೀಟರ್. ಅದೂ ಮಾಡುವುದು ಇದೇ ಕೆಲಸ: ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ, ಒಂದು ಗುಣಕದಿಂದ ಗುಣಿಸಿ, ಲೀಟರಿಗೆ ಸುಮಾರು ಇಷ್ಟು ಮಿಲಿಗ್ರಾಂ ಲವಣ ಎಂದು ಅಂದಾಜು ಹೇಳುತ್ತದೆ. ಇದನ್ನೇ ಟಿಡಿಎಸ್ ಎನ್ನುವುದು. ಯಾವ ಲವಣ ಎಂದು ಅದಕ್ಕೆ ಗೊತ್ತಿಲ್ಲ. ಮದ್ದೂರಿನ ಎಳನೀರಿಗೆ ಅದ್ದಿ ನೋಡಿ, ಸಾವಿರಗಳ ಲೆಕ್ಕ ತೋರಿಸಿ ಗಾಬರಿಪಡಿಸುತ್ತದೆ. ಅದೇ ಬಟ್ಟಿ ಇಳಿಸಿದ ನೀರಿಗೆ ಕಾಲರಾ ರೋಗಾಣು ಬಿಟ್ಟು ಅದ್ದಿದರೆ ಸೊನ್ನೆಯ ಆಸುಪಾಸಿನಲ್ಲೇ ನಿಂತಿರುತ್ತದೆ. ರೋಗಾಣು, ಕೀಟನಾಶಕ, ಸೀಸ ಯಾವುದೂ ಅದರ ಕಣ್ಣಿಗೆ ಬೀಳುವುದಿಲ್ಲ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ, 2012ರದ್ದು, ಟಿಡಿಎಸ್ 500ರ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 2000ದವರೆಗೂ ಆಗಬಹುದು ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಟಿಡಿಎಸ್‌ಗೆ ಆರೋಗ್ಯದ ಮಿತಿಯನ್ನೇ ಹಾಕಿಲ್ಲ. 600ರೊಳಗೆ ರುಚಿ ಚೆನ್ನ, 1000 ದಾಟಿದರೆ ಬಾಯಿಗೆ ಹಿಡಿಸುವುದಿಲ್ಲ ಎನ್ನುತ್ತದೆ, ಅಷ್ಟೆ. 28 ಎಂಬ ಅಂಕಿಗೆ ನೀವು ಹದಿನೆಂಟು ಸಾವಿರ ಕೊಡುವ ಮುಂಚೆ ಇದು ಗೊತ್ತಿರಲಿ.

ನಿಮ್ಮ ಕಾಗದದಲ್ಲಿ ಮೂರು ನೀರಿದೆ. ಬೇರೆ ಬೇರೆಯಾಗಿ ನೋಡೋಣ.

ನದಿ ನೀರು ಮೊದಲು. ಮೈಸೂರಿಗೆ ಹೊಂಗಳ್ಳಿ, ಮೇಳಾಪುರ, ಬೆಳಗೊಳದಿಂದ ಕಾವೇರಿ, ಬಿದರಗೂಡಿನಿಂದ ಕಬಿನಿ ಬರುತ್ತದೆ. ಲವಣದ ಲೆಕ್ಕದಲ್ಲಿ ನಮ್ಮಷ್ಟು ಪುಣ್ಯವಂತರು ಕಡಿಮೆ. 140 ಟಿಡಿಎಸ್‌ನ ನೀರನ್ನು ಆರ್‌ಒ ಯಂತ್ರಕ್ಕೆ, ಅಂದರೆ ಒತ್ತಡದಿಂದ ನೀರನ್ನು ಪೊರೆಯ ಮೂಲಕ ತಳ್ಳಿ ಲವಣ ತೆಗೆಯುವ ಆ ಹುಡುಗನಂಥವರು ಮಾರುವ ಯಂತ್ರಕ್ಕೆ, ಹಾಕುವುದೆಂದರೆ ಸೋಸಿದ ಹಿಟ್ಟನ್ನು ಮತ್ತೆ ಜರಡಿ ಹಿಡಿದಂತೆ, ಅದೂ ಮುಕ್ಕಾಲು ಹಿಟ್ಟು ಚೆಲ್ಲಿ. ಮನೆಯ ಆರ್‌ಒ ಒಂದು ಲೀಟರ್ ಕುಡಿಯುವ ನೀರು ಕೊಡಲು ಸುಮಾರು ಮೂರು ಲೀಟರನ್ನು ಚರಂಡಿಗೆ ಬಿಡುತ್ತದೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರ ಸರ್ಕಾರಕ್ಕೆ ಹೇಳಿದ್ದು ಈ ಪೋಲಿನ ಕಾರಣಕ್ಕೇ.

ನದಿ ನೀರಿನ ಅಪಾಯ ಲವಣದ್ದಲ್ಲ, ರೋಗಾಣುವಿನದು. ಶುದ್ಧೀಕರಣ ಘಟಕದಿಂದ ಹೊರಟಾಗ ಅದು ಚೆನ್ನಾಗಿಯೇ ಇರುತ್ತದೆ. ಕೆಡುವುದು ದಾರಿಯಲ್ಲಿ. ಎರಡು ದಿನಕ್ಕೊಮ್ಮೆ ನೀರು ಬಿಟ್ಟು ನಿಲ್ಲಿಸಿದಾಗ ಪೈಪು ಖಾಲಿಯಾಗಿ ಒಳಗೆ ಎಳೆತ ಹುಟ್ಟುತ್ತದೆ. ಎಲ್ಲೋ ಒಂದು ಕಡೆ ಸಂದು ಬಿಟ್ಟಿದ್ದು, ಪಕ್ಕದಲ್ಲೇ ಒಳಚರಂಡಿ ಸೋರುತ್ತಿದ್ದರೆ ಆ ಕೊಳಚೆಯನ್ನು ಪೈಪು ಹೀರಿಕೊಳ್ಳುತ್ತದೆ. ಸಂಪಿನ ಕತೆ ಬೇರೆ. ಮುಚ್ಚಳ ತೆಗೆದು ಎಷ್ಟು ವರ್ಷವಾಯಿತು ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಮುಖ ಮುಖ ನೋಡಿಕೊಳ್ಳುತ್ತಾರೆ. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನ ಆಸ್ಪತ್ರೆ ಸೇರಿದರು, ಒಬ್ಬ ಯುವಕ ಪ್ರಾಣ ಬಿಟ್ಟ. ನಗರದ ಸೆರಗಿನಲ್ಲೇ ಇರುವ ಊರು ಅದು. ಇಂಥ ಅನಾಹುತವನ್ನು ಯಾವ ಟಿಡಿಎಸ್ ಮೀಟರೂ ಮುನ್ಸೂಚಿಸುವುದಿಲ್ಲ.

ಹಾಗಾಗಿ ಬ್ಲೀಚಿಂಗ್ ವಾಸನೆಯನ್ನು ಬೈಯಬೇಡಿ. ನಿಮ್ಮ ನಲ್ಲಿಯ ತುದಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ನಿಯಮವೇ ಇದೆ. ದಾರಿಯಲ್ಲಿ ಸೇರಿಕೊಂಡ ರೋಗಾಣುವಿಗೆ ಅದೇ ಕಾವಲು. ಅಗಲ ಬಾಯಿಯ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಬಟ್ಟೆ ಮುಚ್ಚಿಟ್ಟರೆ, ಇಲ್ಲವೇ ಕುದಿಸಿದರೆ, ವಾಸನೆ ಹೋಗುತ್ತದೆ. ನಾನು ನಲ್ಲಿ ತಿರುಗಿಸಿದಾಗ ವಾಸನೆ ಬಾರದ ದಿನವೇ ಸ್ವಲ್ಪ ಯೋಚನೆ ಮಾಡುತ್ತೇನೆ. ಈ ನೀರಿಗೆ ಒಂದು ಕುದಿ ಸಾಕು, ತಳಮಳ ಕುದಿ ಬಂದ ಮೇಲೆ ಒಂದು ನಿಮಿಷ. ಗ್ಯಾಸ್ ಖರ್ಚು ಬೇಡವೆಂದರೆ ಯುವಿ (ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ) ಅಥವಾ ಯುಎಫ್ (ಸಣ್ಣ ರಂಧ್ರದ ಪೊರೆಯಲ್ಲಿ ರೋಗಾಣು ಸೋಸುವ) ಫಿಲ್ಟರ್ ಸಾಕು, ಅವು ನೀರನ್ನು ಚರಂಡಿಗೆ ಚೆಲ್ಲುವುದಿಲ್ಲ. ತಾಮ್ರದ ಚೊಂಬಿನ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಕೇಳಿಯೇ ಕೇಳುತ್ತಾರೆ. ರಾತ್ರಿಯಿಡೀ ಇಟ್ಟರೆ ರೋಗಾಣು ಕಡಿಮೆಯಾಗುವುದು ನಿಜ. ಅದೊಂದನ್ನೇ ನಂಬಿ ಕೂರುವಷ್ಟಲ್ಲ.

ಬಡಾವಣೆಯ ಬೋರ್ ನೀರು, 780. ಬೇಳೆ ಬೇಯುವುದಿಲ್ಲ, ಸೋಪಿಗೆ ನೊರೆ ಬರುವುದಿಲ್ಲ, ನಲ್ಲಿಯ ಬಾಯಿಗೆ ಬಿಳಿ ಪದರ ಕಟ್ಟುತ್ತದೆ ಎಂದು ನೀವು ಬರೆಯದಿದ್ದರೂ ಊಹಿಸಬಲ್ಲೆ. ಅದು ಗಡಸು ನೀರು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚು. ಗೀಸರಿಗೆ ಶತ್ರು, ಮನುಷ್ಯರಿಗೆ ಅಲ್ಲ. ಗಡಸು ನೀರಿನಿಂದ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎನ್ನುವುದು ಪಾತ್ರೆಗೆ ಕಟ್ಟಿದ ಬಿಳಿ ಪದರ ನೋಡಿ ಹುಟ್ಟಿದ ನಂಬಿಕೆ. ದೇಹ ಪಾತ್ರೆಯಲ್ಲ. ಊಟದಲ್ಲಿ ಸೇರುವ ಕ್ಯಾಲ್ಸಿಯಂ ಕರುಳಿನಲ್ಲೇ, ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಕಲ್ಲಿನ ಕಾಟ ಇರುವವರು ಕ್ಯಾಲ್ಸಿಯಂ ಬಿಡಬೇಡಿ ಎಂದು ವೈದ್ಯರು ಹೇಳುವುದು ಅದಕ್ಕೆ. ನಿಮ್ಮವರಿಗೆ ಬೇಕಿರುವುದು ಹೆಚ್ಚು ನೀರು, ಕಡಿಮೆ ಉಪ್ಪು. ಮಿಕ್ಕದ್ದು ಅವರ ವೈದ್ಯರ ಮಾತು.

ಆದರೆ ಇಲ್ಲಿ ಒಂದು ಪರೀಕ್ಷೆ ಮಾಡಿಸಿ: ನೈಟ್ರೇಟ್. ನಗರದ ಅಂಚಿನ ಎಷ್ಟೋ ಬಡಾವಣೆಗಳಲ್ಲಿ ಮೊದಲು ಮನೆ, ಆಮೇಲೆ ಬೋರ್, ಕೊನೆಗೆ ಯಾವಾಗಲೋ ಒಳಚರಂಡಿ. ಅಲ್ಲಿಯತನಕ ಎಲ್ಲವೂ ಗುಂಡಿಗೆ. ಆ ಗುಂಡಿಯಿಂದ ಇಂಗುವುದು ನೈಟ್ರೇಟ್ ಆಗಿ ಬೋರಿಗೆ ಸೇರುತ್ತದೆ. ಮಿತಿ ಲೀಟರಿಗೆ 45 ಮಿಲಿಗ್ರಾಂ, ಇದಕ್ಕೆ ವಿನಾಯಿತಿ ಇಲ್ಲ. ದೊಡ್ಡವರಿಗಿಂತ ಬಾಟಲಿ ಹಾಲು ಕುಡಿಯುವ ಹಸುಗೂಸಿಗೆ ಅಪಾಯ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟುತ್ತದೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ನಿಮ್ಮ ಮನೆಯಲ್ಲಿ ಕುಡಿಯಲು, ಅಡುಗೆಗೆ ನದಿ ನೀರು ಹಿಡಿದಿಟ್ಟುಕೊಂಡು, ಬೋರ್ ನೀರನ್ನು ಸ್ನಾನಕ್ಕೆ, ಬಟ್ಟೆಗೆ ಬಳಸಿದರೆ ಸಾಕು. ಎರಡನ್ನೂ ಒಂದೇ ಸಂಪಿಗೆ ಬಿಡುತ್ತಿದ್ದರೆ ಮೊದಲು ಅದನ್ನು ಬೇರೆ ಮಾಡಿಸಿ. ಪ್ಲಂಬರಿಗೆ ಕೊಡುವ ಕೂಲಿ ಯಂತ್ರದ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಈಗ ಊರಿನ ನೀರು. ನಿಮಗೆ ಭಯವಿಲ್ಲದ, ನನಗೆ ಭಯವಿರುವ ನೀರು ಇದೇ. ಸಿಹಿ, ಬೇಳೆ ಬೇಗ ಬೇಯುತ್ತದೆ ಎಂದು ನೀವು ಬರೆದ ಸಾಲನ್ನು ಎರಡು ಸಲ ಓದಿದೆ.

ನಾಗಮಂಗಲದ ಕಡೆ ನಾಲೆಯ ನೀರು ಕಂಡ ಊರು ಕಡಿಮೆ, ಹೆಚ್ಚಿನದೆಲ್ಲ ಬೋರಿನ ಮೇಲೆ. ನೆಲದಡಿ ಗ್ರಾನೈಟು, ನೈಸ್ ಬಂಡೆ. ಆ ಬಂಡೆಯ ಖನಿಜಗಳಲ್ಲೇ ಫ್ಲೋರೈಡ್ ಇರುತ್ತದೆ. ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಬೋರು ಆಳಕ್ಕೆ ಹೋದಷ್ಟೂ ಹಳೆಯ ನೀರು. ಇನ್ನೊಂದು ವಿಷಯವಿದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸಿಬಿಡುತ್ತದೆ. ಕ್ಯಾಲ್ಸಿಯಂ ಕಡಿಮೆ ಇರುವ ಮೆದು ನೀರಿನಲ್ಲಿ ಈ ತಡೆ ಇಲ್ಲ. ಅಂದರೆ ಬೇಳೆ ಚೆನ್ನಾಗಿ ಬೇಯಿಸುವ, ನಾಲಿಗೆಗೆ ಹಿತವಾದ ಬೋರ್ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5. ನಿಮ್ಮ 610ರಲ್ಲಿ ಅದು ಮೂರೋ ನಾಲ್ಕೋ ಇದ್ದರೂ ಮೀಟರಿಗೆ ತಿಳಿಯುವುದಿಲ್ಲ.

ಇದೆಲ್ಲ ಅನುಮಾನ ಮಾತ್ರ, ತೀರ್ಪಲ್ಲ. ಪರೀಕ್ಷೆಗೆ ಮುಂಚೆ ಮನೆಯಲ್ಲೇ ಒಂದು ಸುಳಿವು ಸಿಗಬಹುದು. ನಿಮ್ಮ ಯಜಮಾನರ ಹಲ್ಲು ನೋಡಿ. ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದವರೆಗೆ, ಹಲ್ಲಿನ ಹೊರಪದರ ರೂಪುಗೊಳ್ಳುವ ಕಾಲದಲ್ಲಿ, ಫ್ಲೋರೈಡ್ ನೀರು ಕುಡಿದವರ ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆ, ಇಲ್ಲವೇ ಹಳದಿ ಕಂದು ಗೆರೆ ಅಡ್ಡಡ್ಡ ಉಳಿದುಬಿಡುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಅತ್ತೆಯ ಹಲ್ಲು ನೋಡಿ ಏನೂ ಹೇಳಲಾಗದು. ಅವರು ಬೇರೆ ಊರಿಂದ ಮದುವೆಯಾಗಿ ಬಂದವರಿರಬಹುದು, ಅವರ ಚಿಕ್ಕಂದಿನಲ್ಲಿ ಎಲ್ಲೆಡೆ ಬಾವಿ, ಕಲ್ಯಾಣಿಯ ನೀರೇ. ಊರಿನ ಶಾಲೆಯ ಮುಂದೆ ಹತ್ತು ನಿಮಿಷ ನಿಂತು ಮಕ್ಕಳನ್ನು ಮಾತಾಡಿಸಿ, ನಕ್ಕಾಗ ಗೊತ್ತಾಗುತ್ತದೆ. ನಾವು ಹಳ್ಳಿಗೆ ಹೋದಾಗ ಮೊದಲು ಮಾಡುತ್ತಿದ್ದ ಕೆಲಸ ಇದೇ, ಬಾಟಲಿ ತೆಗೆಯುವುದು ಆಮೇಲೆ.

ಅತ್ತೆಯ ಮಂಡಿ ನೋವಿಗೆ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಮಾರಾಟದ ಹುಡುಗ ಹೇಳುವಂತೆ ಗಡಸು ನೀರು ಕೀಲಿನಲ್ಲಿ ಸುಣ್ಣ ಕಟ್ಟುವುದಂತೂ ಸುಳ್ಳು. ಅರವತ್ತು ದಾಟಿದ, ಜೀವಮಾನವೆಲ್ಲ ಬಗ್ಗಿ ಕಳೆ ಕಿತ್ತು ಕುಕ್ಕರುಗಾಲಲ್ಲಿ ಕೂತವರ ಮಂಡಿ ಸವೆದಿದ್ದರೆ ಆಶ್ಚರ್ಯವಿಲ್ಲ. ಆದರೆ ಹೆಚ್ಚು ಫ್ಲೋರೈಡ್ ಇರುವ ನೀರನ್ನು ಹತ್ತಾರು ವರ್ಷ ಕುಡಿದರೆ ಮೂಳೆಗೆ ಸೇರಿಕೊಂಡು ಬೆನ್ನು, ಸೊಂಟ, ಕತ್ತು ಬಿಗಿಯುತ್ತದೆ. ಕತ್ತು ತಿರುಗಿಸಲು, ಬಗ್ಗಿ ಪಾದ ಮುಟ್ಟಲು ಕಷ್ಟವಾಗುತ್ತದೆಯೇ ಕೇಳಿ. ನೀರಿನ ವರದಿ ಬಂದ ಮೇಲೆ ಅದನ್ನು ಹಿಡಿದುಕೊಂಡೇ ಮೂಳೆ ವೈದ್ಯರ ಹತ್ತಿರ ಹೋಗಿ. ಮೂಳೆಗೆ ಸೇರಿದ್ದನ್ನು ಹೊರತೆಗೆಯುವ ಮದ್ದಿಲ್ಲ. ನೀರು ಬದಲಿಸಿದರೆ ಮುಂದಕ್ಕೆ ಹೋಗುವುದು ನಿಲ್ಲುತ್ತದೆ.

ಫ್ಲೋರೈಡ್ ಹೆಚ್ಚೆಂದು ವರದಿ ಬಂದರೆ ಇಲ್ಲಿ ಆರ್‌ಒ ಬೇಕು. ಅದರ ಪೊರೆ ಫ್ಲೋರೈಡ್‌ನ ಬಹುಪಾಲನ್ನು ತಡೆಯುತ್ತದೆ. ನಿಮ್ಮ ಮಾವ ಬೈಯುತ್ತಿರುವ ಆ ಘಟಕದೊಳಗೆ ಇರುವುದೂ ಇದೇ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಿಕೊಂಡೇ ಮಾತಾಡಿಸಿ. ಆರ್‌ಒ ನೀರಿನಿಂದ ಕ್ಯಾಲ್ಸಿಯಂ ಹೋಗುವುದು ನಿಜ. ಎಷ್ಟು? ಗಡಸುತನ 200 (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಮಿಲಿಗ್ರಾಂ) ಇರುವ ನೀರಿನಲ್ಲಿ, ಅದಷ್ಟೂ ಕ್ಯಾಲ್ಸಿಯಂನದೇ ಎಂದುಕೊಂಡರೂ, ಲೀಟರಿಗೆ 80 ಮಿಲಿಗ್ರಾಂ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಸಮೀಪ ಇದೆ. ಮುದ್ದೆ ಉಣ್ಣುವ ಮನುಷ್ಯ, ಮೇಲೆ ಒಂದು ಲೋಟ ಮಜ್ಜಿಗೆ ಕುಡಿಯುವ ಮನುಷ್ಯ, ನೀರಿನ ಕ್ಯಾಲ್ಸಿಯಂಗೆ ಕಾಯುವ ಅಗತ್ಯವಿಲ್ಲ. ಅದೂ ಅಲ್ಲದೆ ಅವರು ಕುಡಿಯುತ್ತಿರುವ ಸಿಹಿ ನೀರಿನಲ್ಲಿ ಕ್ಯಾಲ್ಸಿಯಂ ಮೊದಲೇ ಕಡಿಮೆ ಇರಬಹುದು. ಮೂಳೆಯ ಹೆಸರು ಹೇಳಿ, ಮೂಳೆಗೆ ಕೇಡು ಮಾಡುವ ನೀರನ್ನೇ ಕುಡಿಯುತ್ತಿದ್ದಾರೇನೋ ಎನ್ನುವುದು ನನ್ನ ಆತಂಕ. ಇನ್ನೊಂದು: ಕುಡಿಯುವುದಕ್ಕೆ ಮಾತ್ರ ಘಟಕದ ನೀರು ತಂದು ಮುದ್ದೆಯ ಎಸರಿಗೆ, ಅನ್ನ, ಸಾರಿಗೆ ಬೋರ್ ನೀರು ಹಾಕಿದರೆ ಫಲ ಅರ್ಧ. ಅಡುಗೆಯ ನೀರೂ ಹೊಟ್ಟೆಗೇ ಹೋಗುತ್ತದೆ.

ಘಟಕವನ್ನು ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಸುರಿಯುವ ಈ ಪೆಟ್ಟಿಗೆಗಳನ್ನು ಬೇಕಾದ ಊರು, ಬೇಡದ ಊರು ಎಂದು ನೋಡದೆ ಒಂದೇ ಅಚ್ಚಿನಲ್ಲಿ ಇಟ್ಟುಕೊಂಡು ಹೋದೆವು. ಕ್ಲೋರಿನ್ ಸಾಕಾಗಿದ್ದ ಊರಿಗೂ ಆರ್‌ಒ, ಫ್ಲೋರೈಡ್ ಇದ್ದ ಊರಿಗೂ ಆರ್‌ಒ. ಉದ್ಘಾಟನೆಗೆ ಜನ ಸೇರುತ್ತಾರೆ, ಎರಡು ಮೂರು ವರ್ಷಕ್ಕೆ ಪೊರೆ ಬದಲಿಸುವ ಖರ್ಚು ಬಂದಾಗ ಯಾರೂ ಇರುವುದಿಲ್ಲ. ಘಟಕದ ಹಿಂದೆ ಹೋಗಿ ನೋಡಿ. ಪೊರೆ ತಳ್ಳಿದ ಗಟ್ಟಿ ಲವಣದ ನೀರು ಅಲ್ಲೇ ಚರಂಡಿಗೆ ಬಿದ್ದು ಇಂಗುತ್ತಿರುತ್ತದೆ, ಕೆಲವು ಕಡೆ ಅದೇ ಬೋರಿನ ಬುಡದಲ್ಲಿ. ತೆಗೆದ ಫ್ಲೋರೈಡನ್ನು ನೆಲಕ್ಕೇ ಮರಳಿಸುತ್ತೇವೆ. ಇನ್ನೊಂದು ಕಡೆ ಊರಿನ ನೀರುಗಂಟಿಯ ಪಾಡು: ಬ್ಲೀಚಿಂಗ್ ಪುಡಿಯ ಮೂಟೆ ಬಾಯಿ ಬಿಚ್ಚಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಸತ್ವ ಹೋದ ಪುಡಿಯನ್ನೇ ಅಳತೆಯಂತೆ ಟ್ಯಾಂಕಿಗೆ ಹಾಕಿ ಪುಸ್ತಕದಲ್ಲಿ ಬರೆಯುತ್ತಾನೆ. ಅಸಲು ಕೆಲಸ ಇರುವುದು ಈ ಮೂಟೆಯ ಹತ್ತಿರ. ಅಲ್ಲಿ ಸೋತದ್ದಕ್ಕೇ ಮನೆಮನೆಯ ಅಡುಗೆಕೋಣೆಗೆ ಹದಿನೆಂಟು ಸಾವಿರದ ಯಂತ್ರ ಬರುತ್ತಿದೆ ಎಂದು ನನ್ನ ಅಭಿಪ್ರಾಯ. ಕೊಳ್ಳಲಾಗದವರು ಹಾಗೇ ಕುಡಿಯುತ್ತಾರೆ.

ನಿಮ್ಮ ಮೀಟರನ್ನು ಎಸೆಯಬೇಡಿ, ಅದಕ್ಕೆ ಈಗ ನಿಜವಾದ ಕೆಲಸ ಬಂತು. ಊರಿಗೆ ಹೋದಾಗ ಬೋರ್ ನೀರಿಗೂ ಘಟಕದ ನೀರಿಗೂ ಅದ್ದಿ ನೋಡಿ. 610 ಒಳಗೆ ಹೋಗಿ 60, 80 ಹೊರಗೆ ಬಂದರೆ ಪೊರೆ ಚೆನ್ನಾಗಿದೆ. 300 ಬಂದರೆ ಪೊರೆ ಹೋಗಿದೆ, ಇಲ್ಲವೇ ಬೋರ್ ನೀರನ್ನು ಬೆರೆಸುತ್ತಿದ್ದಾರೆ. ಆಗ ಪಂಚಾಯ್ತಿಗೆ ಅರ್ಜಿ ಕೊಡಿ, ಅಂಕಿಗಳನ್ನು ಬರೆದೇ ಕೊಡಿ. ಕ್ಯಾನಿನ ಒಳಗೆ ಕೈ ಆಡಿಸಿದಾಗ ಜಾರುತ್ತಿದ್ದರೆ ಅದನ್ನೂ ಉಜ್ಜಿ ತೊಳೆಯಿರಿ.

ಘಟಕ ನಂಬುವಂತಿಲ್ಲ ಎಂದಾದರೆ ಎರಡು ದಾರಿ. ಊರಿನ ಮನೆಗೇ ಆರ್‌ಒ ಹಾಕಿಸಬಹುದು. ಕಾಟ್ರಿಡ್ಜ್, ಪೊರೆ ಎಂದು ವರ್ಷ ವರ್ಷ ಖರ್ಚು ಬರುತ್ತದೆ, ಕರೆಂಟು ಬೇಕು, ರಿಪೇರಿಯವನು ನಾಗಮಂಗಲದಿಂದ ಬರಬೇಕು. ಒಳಗಿನ ಟ್ಯಾಂಕಿನಲ್ಲಿ ಕ್ಲೋರಿನ್ ಇರುವುದಿಲ್ಲವಾದ್ದರಿಂದ ವಾರಗಟ್ಟಲೆ ನೀರು ನಿಂತರೆ ಅಲ್ಲೇ ರೋಗಾಣು ಬೆಳೆಯುತ್ತದೆ. ನನ್ನ ಮನಸ್ಸು ಮಳೆ ನೀರಿನ ಕಡೆ ವಾಲುತ್ತದೆ. ಚಾವಣಿಯ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಐವತ್ತು ಚದರ ಮೀಟರ್ ಚಾವಣಿಗೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ 500 ಲೀಟರ್. ಇಬ್ಬರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಎಂದರೆ ಇಪ್ಪತ್ತೈದು ದಿನದ ನೀರು ಒಂದೇ ಮಳೆಗೆ. ಮೊದಲ ಮಳೆಯ ಕೊಳೆ ಹೊರಗೆ ಬಿಡಬೇಕು, ತೊಟ್ಟಿಗೆ ಸೊಳ್ಳೆ ಹೋಗದಂತೆ ಬಲೆ ಬೇಕು, ಕುದಿಸಿ ಕುಡಿಯಬೇಕು. ಬೇಸಿಗೆಗೆ ಉಳಿಸುವಷ್ಟು ದೊಡ್ಡ ತೊಟ್ಟಿ ಕಟ್ಟುವುದೇ ದುಬಾರಿ. ಅಷ್ಟು ಆಗದಿದ್ದರೆ ಮಳೆಗಾಲಕ್ಕೆ ಅದು, ಬೇಸಿಗೆಗೆ ಘಟಕ.

ಒಟ್ಟಿನಲ್ಲಿ ಬೋಗಾದಿಯ ಮನೆಗೆ ಆ ಯಂತ್ರ ಬೇಡ. ಊರಿಗೆ ಬೇಕಾಗಬಹುದು, ವರದಿ ಬಂದ ಮೇಲೆ. ಜಲಜೀವನ್ ಮಿಷನ್, ನಮ್ಮಲ್ಲಿ ಮನೆ ಮನೆಗೆ ಗಂಗೆ ಎನ್ನುತ್ತಾರಲ್ಲ, ಅದರಡಿ ಪಂಚಾಯ್ತಿಗಳಲ್ಲಿ ಪರೀಕ್ಷಾ ಕಿಟ್ ಇರಬೇಕು, ಅದನ್ನು ಬಳಸಲು ಊರಿನ ಐದು ಮಹಿಳೆಯರಿಗೆ ತರಬೇತಿ ಕೊಡಬೇಕೆಂದಿದೆ. ನಿಮ್ಮ ಊರಿನಲ್ಲಿ ಆ ಐವರು ಯಾರು ಎಂದು ವಿಚಾರಿಸಿ. ಕಿಟ್ ಬಣ್ಣ ನೋಡಿ ಅಂದಾಜು ಹೇಳುತ್ತದೆ. ಖಚಿತ ಅಂಕಿಗೆ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ, ಶುಲ್ಕ ಹೆಚ್ಚಿಲ್ಲ.

ಬಾಟಲಿಯ ವಿಷಯ ಹೇಳಿಬಿಡುತ್ತೇನೆ. ಒಬ್ಬರು ನನ್ನ ಹತ್ತಿರ ಕೊಬ್ಬರಿ ಎಣ್ಣೆಯ ಬಾಟಲಿಯಲ್ಲಿ ನೀರು ತಂದು, "ಸಾರ್, ಮೇಲೆ ಏನೋ ತೇಲ್ತಿದೆ ನೋಡಿ" ಎಂದು ಗಾಬರಿಯಾಗಿದ್ದರು. ಫ್ಲೋರೈಡ್, ನೈಟ್ರೇಟ್‌ಗೆ ಹೊಸ ಪ್ಲಾಸ್ಟಿಕ್ ನೀರಿನ ಬಾಟಲಿ, ಒಂದು ಲೀಟರಿನದು, ಅದೇ ನೀರಿನಿಂದ ಮೂರು ಸಲ ಗಲಬರಿಸಿ ತುಂಬಿ. ಮೋಟಾರು ಸ್ವಲ್ಪ ಹೊತ್ತು ಓಡಿದ ಮೇಲೆ ಹಿಡಿಯಿರಿ, ಪೈಪಿನಲ್ಲಿ ನಿಂತ ನೀರು ಬೇಡ. ಊರಿನ ಬೋರಿಂದ ಒಂದು, ಘಟಕದಿಂದ ಒಂದು, ನಿಮ್ಮ ಬಡಾವಣೆಯ ಬೋರಿಂದ ಒಂದು. ನದಿ ನೀರಿನ ರೋಗಾಣು ಪರೀಕ್ಷೆಗೆ ಮಾತ್ರ ಪ್ರಯೋಗಾಲಯದವರೇ ಕೊಡುವ ಬಾಟಲಿ ಬೇಕು. ಅದನ್ನು ತೊಳೆಯಬಾರದು, ಮುಚ್ಚಳದ ಒಳಗೆ ಬೆರಳು ತಾಗಬಾರದು, ಹಿಡಿದ ದಿನವೇ ತಣ್ಣಗಿಟ್ಟು ತಲುಪಿಸಬೇಕು. ಎಲ್ಲದರ ಮೇಲೂ ಚೀಟಿ ಅಂಟಿಸಿ, ತಾರೀಕು, ಜಾಗ ಬರೆಯಿರಿ. ವರದಿ ಬಂದಾಗ ನನಗೂ ಒಂದು ಪ್ರತಿ ಕಳುಹಿಸಿ, ನಿಮ್ಮ ಯಜಮಾನರ ಹಲ್ಲಿನ ವಿಚಾರ ಬರೆಯುವುದನ್ನೂ ಮರೆಯಬೇಡಿ.